ಎರ್ಮಾನೊ ಓಲ್ಮಿ ಸಿನಿಮಾ ಶಾಲೆಯ ಪದವಿ ಇಲ್ಲದೆ ನಿರ್ದೇಶಕನಾದದ್ದು ಹೇಗೆ? ಅವನ ಯಾವ ಚಿತ್ರದಿಂದ ಶುರು ಮಾಡಲಿ?

ಓಲ್ಮಿ ಕಸುಬು ಕಲಿತದ್ದು ಒಂದು ವಿದ್ಯುತ್ ಕಂಪನಿಯಲ್ಲಿ. 1931ರಲ್ಲಿ ಉತ್ತರ ಇಟಲಿಯ ಬೆರ್ಗಾಮೊದಲ್ಲಿ ಹುಟ್ಟಿದ. ಯುದ್ಧಕಾಲದಲ್ಲಿ ತಂದೆ ತೀರಿಕೊಂಡರು. ತಾಯಿ ದುಡಿಯುತ್ತಿದ್ದ ಮಿಲಾನಿನ ಎಡಿಸನ್-ವೋಲ್ಟಾ ಕಂಪನಿಗೇ ಮಗನೂ ನೌಕರಿಗೆ ಸೇರಿದ. ಆಲ್ಪ್ಸ್ ಸೀಮೆಯಲ್ಲಿ ಕಂಪನಿಯ ಅಣೆಕಟ್ಟುಗಳು ಏಳುತ್ತಿದ್ದ ಕಾಲ ಅದು. ಆ ಕೆಲಸವನ್ನೆಲ್ಲ ಚಿತ್ರೀಕರಿಸುವ ಹೊಣೆ ಇವನಿಗೆ ಬಂತು. 1950ರ ದಶಕದಲ್ಲಿ ಹೀಗೆ ಹತ್ತಾರು ಸಾಕ್ಷ್ಯಚಿತ್ರ ಮಾಡಿದ. ಕೂಲಿಗಳು, ಕಾವಲುಗಾರರು ಕ್ಯಾಮೆರಾ ಮುಂದೆ ಹೇಗಿರುತ್ತಾರೆ, ಅವರ ಕೈಗೆ ಕೆಲಸ ಕೊಟ್ಟರೆ ಮುಖ ಹೇಗೆ ಸಡಿಲವಾಗುತ್ತದೆ ಎಂಬುದನ್ನು ಕಲಿಯಲು ಇದಕ್ಕಿಂತ ಒಳ್ಳೆಯ ಜಾಗ ಸಿಗುತ್ತಿರಲಿಲ್ಲ. ಮೊದಲ ಕಥಾಚಿತ್ರ (1959) ಕೂಡ ಹಿಮದ ನಡುವಿನ ಅಣೆಕಟ್ಟು ಕಾಯುವ ಇಬ್ಬರದ್ದೇ ಕಥೆ.

ಶುರು ಮಾಡುವುದಾದರೆ ‘ಇಲ್ ಪೋಸ್ತೊ’ (1961). ಒಂದೂವರೆ ಗಂಟೆಯ ಚಿತ್ರ. ಮಿಲಾನಿನ ದೊಡ್ಡ ಆಫೀಸಿಗೆ ಪರೀಕ್ಷೆ ಬರೆಯಲು ಬಂದ ಹುಡುಗನಿಗೆ ಗುಮಾಸ್ತನ ಜಾಗ ಖಾಲಿಯಿಲ್ಲವೆಂದು ಜವಾನನ ಕೆಲಸ ಕೊಡುತ್ತಾರೆ. ಆಮೇಲೆ ಒಬ್ಬ ಗುಮಾಸ್ತ ಸಾಯುತ್ತಾನೆ, ಮೇಜು ಖಾಲಿಯಾಗುತ್ತದೆ. ಆ ಮೇಜಿಗಾಗಿ ಹಿಂದಿನ ಸಾಲಿನವರು ಕಾದಾಡುವ ದೃಶ್ಯ ನೋಡಿ. ಸರ್ಕಾರಿ ಕಚೇರಿ ಕಂಡವರಿಗೆ ವಿವರಣೆ ಬೇಕಿಲ್ಲ. ನಾಯಕಿ ಲೊರೆದಾನಾ ದೆತ್ತೊಳನ್ನೇ ಓಲ್ಮಿ ಮುಂದೆ ಮದುವೆಯಾದ.

ಬಹಳಷ್ಟು ಜನ ನೇರವಾಗಿ ‘ಲಾಲ್ಬೆರೊ ದೆಲಿ ತ್ಸೊಕ್ಕೊಲಿ’ಗೆ (1978) ಕೈಹಾಕಿ, ಅರ್ಧಕ್ಕೇ ಬಿಡುತ್ತಾರೆ. ಕಾನ್ ಚಿತ್ರೋತ್ಸವದ ಅತ್ಯುನ್ನತ ಪ್ರಶಸ್ತಿ ಪಾಮ್ ದೋರ್ ಗೆದ್ದ ಚಿತ್ರವೇನೋ ಹೌದು, ಆದರೆ ಮೂರು ಗಂಟೆ ಉದ್ದ, ಕಥೆ ಮುನ್ನುಗ್ಗುವುದೇ ಇಲ್ಲ. 19ನೇ ಶತಮಾನದ ಕೊನೆಯಲ್ಲಿ ಬೆರ್ಗಾಮೊ ಸೀಮೆಯ ಒಂದೇ ವಠಾರದಲ್ಲಿರುವ ಗೇಣಿ ಕುಟುಂಬಗಳು. ಬೆಳೆಯಲ್ಲಿ ಮೂರರಲ್ಲಿ ಎರಡು ಪಾಲು ಧಣಿಗೆ. ಮೊದಲರ್ಧ ಗಂಟೆ ಯಾರು ಯಾವ ಮನೆಯವರು ಎಂಬುದನ್ನಷ್ಟೇ ಗುರುತಿಟ್ಟುಕೊಳ್ಳಿ. ಟೊಮೇಟೊ ಬೇಗ ಹಣ್ಣಾಗಲೆಂದು ಕೋಳಿ ಗೊಬ್ಬರ ಹಾಕುವ ಮುದುಕ, ಶಾಲೆಗೆ ಹೋಗುವ ಮಗನ ಮರದ ಚಪ್ಪಲಿಗಾಗಿ ಧಣಿಯ ಮರ ಕಡಿಯುವ ಅಪ್ಪ, ಇವರಿಬ್ಬರನ್ನು ಹಿಡಿದುಕೊಂಡರೆ ಸಾಕು. ನಟರೆಲ್ಲ ಆ ಸೀಮೆಯ ರೈತಾಪಿ ಜನ. ಬರವಣಿಗೆ, ಕ್ಯಾಮೆರಾ, ಸಂಕಲನ ಮೂರೂ ಓಲ್ಮಿಯದೇ. ಕಂಪನಿಯ ದಿನಗಳ ಅಭ್ಯಾಸ ಬಿಟ್ಟಿರಲಿಲ್ಲ ಅನ್ನಿ. ಇಟಾಲಿಯನ್ ಧ್ವನಿಯ ಪ್ರತಿಯೂ ಇದೆ, ಆದರೆ ಬೆರ್ಗಾಮೊ ಆಡುಮಾತಿನದ್ದನ್ನೇ ಹುಡುಕಿ. ಹಂದಿ ಕೊಯ್ಯುವ ದೃಶ್ಯ ನಿಜವಾದದ್ದು, ಮಕ್ಕಳ ಜೊತೆ ಕೂರುವ ಮುನ್ನ ಗೊತ್ತಿರಲಿ.

1980ರ ದಶಕದಲ್ಲಿ ನರಗಳ ಕಾಯಿಲೆಯೊಂದು ಓಲ್ಮಿಯನ್ನು ಮಲಗಿಸಿತು. ಆ ಬಿಡುವಿನ ನಂತರ ಬಾಲ್ಯದ ಬಗ್ಗೆ ಒಂದು ಕಾದಂಬರಿ ಬಂತು, 1988ರಲ್ಲಿ ‘ಲಾ ಲೆಜ್ಜೆಂದಾ ದೆಲ್ ಸಾಂತೊ ಬೆವಿತೊರೆ’ ಚಿತ್ರ ವೆನಿಸ್ ಚಿತ್ರೋತ್ಸವದ ಅತ್ಯುನ್ನತ ಪ್ರಶಸ್ತಿ ಗೋಲ್ಡನ್ ಲಯನ್ ಪಡೆಯಿತು. 2018ರಲ್ಲಿ ಓಲ್ಮಿ ತೀರಿಕೊಂಡ.

ಮೂರನೆಯದಾಗಿ ‘ಇಲ್ ಮೆಸ್ತಿಯೆರೆ ದೆಲೆ ಆರ್ಮಿ’ (2001) ನೋಡಿ: ಫಿರಂಗಿ ಗುಂಡು ತಗುಲಿದ 16ನೇ ಶತಮಾನದ ದಳಪತಿಯೊಬ್ಬನ ಕೊನೆಯ ದಿನಗಳು. ಪೋಪ್ 23ನೇ ಜಾನ್ ಕುರಿತ 1965ರ ಚಿತ್ರವನ್ನು ಕೊನೆಗಿಡಿ. ಅಲ್ಲಿ ಹಾಲಿವುಡ್ ನಟ ರಾಡ್ ಸ್ಟೈಗರ್‌ನನ್ನು ನಿಲ್ಲಿಸಿದ್ದಾನೆ, ಓಲ್ಮಿಯ ರೀತಿಗೆ ಅದು ಒಗ್ಗಿಲ್ಲ.