ಓದುಗರ ಪ್ರಶ್ನೆ: ತೋರಿಸುವ ಮೊದಲು ಅರ್ಜಿ ಹಾಕಿ

ಪ್ರಶ್ನೆ: ವಯಸ್ಸಾದವರಿಗಾಗಿ ಊರುಗೋಲಿಗೆ ಟಾರ್ಚ್, ಅಲಾರಾಂ ಬಟನ್, ಎಫ್‌ಎಂ ರೇಡಿಯೊ ಅಳವಡಿಸಿದ್ದೇನೆ. ಪೇಟೆಂಟ್ ಸಿಗಬಹುದೇ? (ಡೊಂಬಿವಲಿಯ ಓದುಗರು)

ಉತ್ತರ: ಈಗಿರುವ ರೂಪದಲ್ಲಿ ಕಷ್ಟ. ಗೊತ್ತಿರುವ ಸಾಧನಗಳನ್ನು ಬರೀ ಒಟ್ಟಿಗೆ ಜೋಡಿಸಿ, ಪ್ರತಿಯೊಂದೂ ತನ್ನ ಪಾಡಿಗೆ ಕೆಲಸ ಮಾಡುತ್ತಿದ್ದರೆ ಅದು ಆವಿಷ್ಕಾರವಲ್ಲ ಎಂದು 1970ರ ಪೇಟೆಂಟ್ ಕಾಯ್ದೆಯ ಸೆಕ್ಷನ್ 3(ಎಫ್) ಹೇಳುತ್ತದೆ. ನಿಮ್ಮ ಟಾರ್ಚಿಗೂ ರೇಡಿಯೊಗೂ ಸಂಬಂಧವೇ ಇಲ್ಲ. ಆಕ್ಸಲರೋಮೀಟರ್ (ಚಲನೆಯ ಏರುಪೇರು ಅಳೆಯುವ ಸೆನ್ಸರ್) ಇಟ್ಟು ಬಿದ್ದದ್ದನ್ನು ಗುರುತಿಸುವುದೂ ಹಳೆಯ ಮಾತೇ. ಆದರೆ ಗೋಡೆಗೆ ಒರಗಿಸಿದ ಕೋಲು ಜಾರಿದ್ದಕ್ಕೂ ಮನುಷ್ಯ ಬಿದ್ದದ್ದಕ್ಕೂ ಇರುವ ವ್ಯತ್ಯಾಸವನ್ನು, ಹಿಡಿಕೆಯ ಸ್ಪರ್ಶ ಸೆನ್ಸರ್ ಮತ್ತು ಆಕ್ಸಲರೋಮೀಟರ್ ಎರಡರ ಸಿಗ್ನಲ್ ಸೇರಿಸಿ ಹಿಡಿಯುವ ನಿಮ್ಮದೇ ವಿಧಾನವಿದ್ದರೆ ಅಲ್ಲಿ ಹುರುಳಿರಬಹುದು. ಬರೀ ಪ್ರೋಗ್ರಾಂ ಎಂದು ಬರೆಯಬೇಡಿ, ಕಂಪ್ಯೂಟರ್ ಪ್ರೋಗ್ರಾಂ ಅಷ್ಟೇ ಆದರೆ ಆವಿಷ್ಕಾರವಲ್ಲ ಎನ್ನುವ ಸೆಕ್ಷನ್ 3(ಕೆ) ಅಡ್ಡ ಬರುತ್ತದೆ. ಸೆನ್ಸರ್ ಎಲ್ಲಿ ಕೂತಿದೆ, ಯಾವ ಸಿಗ್ನಲ್ ಯಾವುದನ್ನು ಎಬ್ಬಿಸುತ್ತದೆ ಎಂಬುದನ್ನು ಬರೆಯಿರಿ.

ಇಂಥದ್ದು ಈಗಾಗಲೇ ಇದೆಯೇ ಎಂದು ಮೊದಲು ಹುಡುಕಿ. ಪೇಟೆಂಟ್ ಹುಡುಕುವ ಜಾಲತಾಣಗಳಾದ ಭಾರತದ ಇನ್‌ಪಾಸ್, ಯುರೋಪಿನ ಎಸ್ಪಾಸೆನೆಟ್ ಎರಡೂ ಉಚಿತ. ಪೇಟೆಂಟ್ ವರ್ಗೀಕರಣದಲ್ಲಿ ಊರುಗೋಲುಗಳು ಎ45ಬಿ ವರ್ಗದಲ್ಲಿವೆ, ಅಲಾರಾಂಗಳು ಜಿ08ಬಿಯಲ್ಲಿ. ವಸ್ತುವಿನ ಹೆಸರಿನಿಂದಷ್ಟೇ ಹುಡುಕಿದರೆ ಹೆಚ್ಚಿನವು ತಪ್ಪಿಹೋಗುತ್ತವೆ, ಅದು ಮಾಡುವ ಕೆಲಸದಿಂದಲೂ ಹುಡುಕಬೇಕು.

ಪ್ರಶ್ನೆ: ನವೆಂಬರಿನ ರಾಜ್ಯೋತ್ಸವಕ್ಕೆ ನಮ್ಮ ಕನ್ನಡ ಸಂಘದಲ್ಲಿ ನನ್ನ ಸಾಧನ ತೋರಿಸಿ, ಜನ ಮೆಚ್ಚಿದರೆ ಅರ್ಜಿ ಹಾಕೋಣವೆಂದಿದ್ದೇನೆ. ಮುಂಬೈಗೆ ಓಡಾಡಬೇಕೇ? (ಚಿಂಚ್‌ವಡ್, ಪುಣೆ)

ಉತ್ತರ: ದಯವಿಟ್ಟು ಈ ಕ್ರಮವನ್ನು ತಿರುವುಮುರುವು ಮಾಡಿ. ವೇದಿಕೆಯ ಮೇಲೆ ಬಿಡಿಸಿ ತೋರಿಸಿದ್ದು, ವಾಟ್ಸ್ಯಾಪ್ ಗುಂಪಿಗೆ ಹೋದ ವಿಡಿಯೊ, ಎಲ್ಲವೂ ಹೊಸತನವನ್ನು ಕೆಡಿಸಬಲ್ಲವು. ತೋರಿಸಿದ ಮೇಲೂ ಅರ್ಜಿ ಹಾಕಲು ಸೆಕ್ಷನ್ 31 ಕೊಡುವ 12 ತಿಂಗಳ ರಿಯಾಯಿತಿ ಕೇಂದ್ರ ಸರ್ಕಾರ ಗೆಜೆಟ್‌ನಲ್ಲಿ ಸೂಚಿಸಿದ ಪ್ರದರ್ಶನಕ್ಕೆ ಸಿಗುತ್ತದೆ, ಸಂಘದ ಕಾರ್ಯಕ್ರಮಕ್ಕಲ್ಲ.

ಹಾಗಾಗಿ ಅಕ್ಟೋಬರಿನೊಳಗೇ ಪ್ರಾವಿಷನಲ್ (ತಾತ್ಕಾಲಿಕ) ಅರ್ಜಿ ಹಾಕಿ. ಫಾರ್ಮ್ 1 (ಅರ್ಜಿ) ಮತ್ತು ಫಾರ್ಮ್ 2 (ವಿವರಣೆ) ಮುಖ್ಯ. ವ್ಯಕ್ತಿಗಳಿಗೆ ಆನ್‌ಲೈನ್ ಶುಲ್ಕ 1,600 ರೂಪಾಯಿ. ಪುಣೆ, ಗೋವಾ ಎರಡೂ ಆಂಟಾಪ್ ಹಿಲ್‌ನಲ್ಲಿರುವ ಮುಂಬೈ ಪೇಟೆಂಟ್ ಕಚೇರಿಯ ವ್ಯಾಪ್ತಿಗೇ ಬಂದರೂ, ಡಿಜಿಟಲ್ ಸಹಿ ಇದ್ದರೆ ಮನೆಯಿಂದಲೇ ಸಲ್ಲಿಸಬಹುದು.

ಪ್ರಾವಿಷನಲ್ಲಿಗೆ ಕ್ಲೇಮ್ (ಯಾವುದರ ಮೇಲೆ ಹಕ್ಕು ಕೇಳುತ್ತೇವೆ ಎಂಬ ಪಟ್ಟಿ) ಬೇಡ ಎಂದು ಒಂದೂವರೆ ಪುಟ ಗೀಚಿ ಕಳಿಸುವವರಿದ್ದಾರೆ. ಮೋಸ ಹೋಗುವುದು ಇಲ್ಲೇ. ಅದರಲ್ಲಿ ಬರೆಯದೇ ಬಿಟ್ಟ ಸಂಗತಿಗೆ ಆ ದಿನಾಂಕದ ರಕ್ಷಣೆ ಇರುವುದಿಲ್ಲ. ಸರ್ಕ್ಯೂಟ್ ಚಿತ್ರ, ಬಿಡಿಭಾಗಗಳ ಅಳತೆಯ ವ್ಯಾಪ್ತಿ (ರೆಸಿಸ್ಟರ್ 47 ಕಿಲೋ ಓಮ್ ಎಂದು ಮಾತ್ರವಲ್ಲ, 10ರಿಂದ 100 ಕಿಲೋ ಓಮ್ ನಡೆಯುತ್ತದಾದರೆ ಅದನ್ನೂ), ಬದಲಿ ಸೆನ್ಸರ್, ಎಲ್ಲವನ್ನೂ ತುಂಬಿ. 12 ತಿಂಗಳೊಳಗೆ ಪೂರ್ಣ ವಿವರಣೆ ಕೊಡದಿದ್ದರೆ ಅರ್ಜಿ ಕೈಬಿಟ್ಟಂತೆಯೇ. ಪೇಟೆಂಟ್ ಕಚೇರಿ ಅರ್ಜಿಯನ್ನು ಪರೀಕ್ಷಿಸಲೆಂದು ಫಾರ್ಮ್ 18ನ್ನು ಬೇರೆಯಾಗಿ, 31 ತಿಂಗಳೊಳಗೆ ಸಲ್ಲಿಸಬೇಕು. 2024ರ ತಿದ್ದುಪಡಿಗೆ ಮೊದಲು ಈ ಗಡುವು 48 ತಿಂಗಳಿತ್ತು, ಹಳೆಯ ಕೈಪಿಡಿ ನಂಬಿ ಕೂರಬೇಡಿ.

ಪ್ರಶ್ನೆ: ಗೇರುಬೀಜದ ತೇವ ಅಳೆಯುವ ಜೇಬಿನ ಯಂತ್ರ ಮಾಡಿದ್ದೇನೆ. 400 ಎಂಎಎಚ್ ಲಿಥಿಯಂ ಬ್ಯಾಟರಿ ಬಿಸಿಯಾಗುತ್ತದೆ. ಹೊಸ ಫೋನಿನ ಚಾರ್ಜರಿಗೆ ಹಾಕಿದರೆ ಚಾರ್ಜೇ ಆಗುವುದಿಲ್ಲ. (ಫೋಂಡಾ, ಗೋವಾ)

ಉತ್ತರ: ಎರಡು ಬೇರೆ ಬೇರೆ ದೋಷಗಳಿವು. ಲಿಥಿಯಂ ಬ್ಯಾಟರಿ ಚಾರ್ಜ್ ಮಾಡುವ ಚಿಪ್ ಇರುವ ಮಾರುಕಟ್ಟೆಯ ಟಿಪಿ4056 ಬೋರ್ಡಿನಲ್ಲಿ ಸಾಮಾನ್ಯವಾಗಿ 122 ಎಂದು ಬರೆದ 1.2 ಕಿಲೋ ಓಮ್ ರೆಸಿಸ್ಟರ್ ಇರುತ್ತದೆ, ಅದು 1 ಆಂಪಿಯರ್ ಹರಿಸುತ್ತದೆ. ನಿಮ್ಮ ಪುಟ್ಟ ಸೆಲ್ಲಿಗೆ 200 ಮಿಲಿಆಂಪಿಯರ್ ಸಾಕು. ಆ ರೆಸಿಸ್ಟರ್ ಬಿಚ್ಚಿ 6.2 ಕಿಲೋ ಓಮಿನದನ್ನು ಬೆಸುಗೆ ಹಾಕಿ. ಚಾರ್ಜ್ ಆಗುವಾಗ ಯಂತ್ರ ಚಾಲೂ ಇಡಬೇಡಿ. ಕರೆಂಟ್ ನಿಗದಿಪಡಿಸಿದ್ದರ ಹತ್ತನೇ ಒಂದು ಭಾಗಕ್ಕೆ ಇಳಿದಾಗ ಚಿಪ್ ನಿಲ್ಲಬೇಕು, ಯಂತ್ರ ಅದಕ್ಕಿಂತ ಹೆಚ್ಚು ಎಳೆಯುತ್ತಿದ್ದರೆ ಅದು ನಿಲ್ಲುವುದೇ ಇಲ್ಲ.

ಎರಡನೆಯದು ಟೈಪ್-ಸಿ ಸಾಕೆಟ್ಟಿನದು. ಏನೋ ಜೋಡಿಸಿದೆ ಎಂದು ಚಾರ್ಜರಿಗೆ ತಿಳಿಸುವ ಸಿಸಿ1, ಸಿಸಿ2 ಪಿನ್ನುಗಳಿಂದ ಗ್ರೌಂಡಿಗೆ 5.1 ಕಿಲೋ ಓಮ್ ರೆಸಿಸ್ಟರ್ ಇಲ್ಲದಿದ್ದರೆ ಎರಡೂ ತುದಿ ಟೈಪ್-ಸಿ ಇರುವ ಕೇಬಲಿನಲ್ಲಿ ಚಾರ್ಜರ್ 5 ವೋಲ್ಟ್ ಕೊಡುವುದೇ ಇಲ್ಲ. ಎರಡು ಪಿನ್ನಿಗೂ ಒಂದೇ ರೆಸಿಸ್ಟರ್ ಹಂಚಬೇಡಿ, ಕೆಲವು ಕೇಬಲ್‌ಗಳಲ್ಲಿ ಕೈಕೊಡುತ್ತದೆ. ಗೋವಾದ ಉಪ್ಪುಗಾಳಿಗೆ ಬೋರ್ಡಿನ ಮೇಲೆ ಕನ್ಫಾರ್ಮಲ್ ಕೋಟಿಂಗ್ (ತೇವ ತಡೆಯುವ ತೆಳು ಲೇಪನ) ಹೊಡೆಯಿರಿ, ಸಾಕೆಟ್ ಮತ್ತು ಸೆನ್ಸರ್ ತಟ್ಟೆಗಳನ್ನು ಟೇಪಿನಿಂದ ಮುಚ್ಚಿದ ಮೇಲೆ.