ಗೋಪಾಲಗೌಡರು ಮಂತ್ರಿಯಾಗಿದ್ದರಾ?

ವಿಧಾನಸೌಧದ ಹತ್ತಿರದ ಗೋಪಾಲಗೌಡ ವೃತ್ತದ ಹೆಸರು ಯಾರದ್ದು, ಅವರು ಯಾವ ಖಾತೆಯ ಮಂತ್ರಿಯಾಗಿದ್ದರು ಅಂತ ಕೇಳಿದ್ದೀರಿ. ಅದು ಶಾಂತವೇರಿ ಗೋಪಾಲಗೌಡರ ಹೆಸರು ಸರ್. ಅವರು ಮಂತ್ರಿಯಾಗಲೇ ಇಲ್ಲ. ಶಾಸಕರಾಗಿದ್ದಷ್ಟು ಕಾಲ ವಿರೋಧ ಪಕ್ಷದಲ್ಲೇ ಕೂತರು.

ಹುಟ್ಟಿದ್ದು 1923ರಲ್ಲಿ, ತೀರ್ಥಹಳ್ಳಿ ತಾಲ್ಲೂಕಿನ ಆರಗದಲ್ಲಿ. ಕ್ವಿಟ್ ಇಂಡಿಯಾ ಚಳವಳಿಯಲ್ಲಿ ಜೈಲು ಕಂಡವರು. ಆದರೆ ಅವರನ್ನು ಅರ್ಥ ಮಾಡಿಕೊಳ್ಳಬೇಕಾದರೆ 1951ರ ಕಾಗೋಡು ಸತ್ಯಾಗ್ರಹ ನೋಡಬೇಕು. ಸಾಗರದ ಆ ಊರಲ್ಲಿ ಗೇಣಿಯಾಗಿ ಕೊಡಬೇಕಾದ ಭತ್ತ ಅಳೆಯೋಕೆ ಜಮೀನಿನ ಒಡೆಯರು ಸಾಮಾನ್ಯಕ್ಕಿಂತ ದೊಡ್ಡ ಕೊಳಗ (ಧಾನ್ಯ ಅಳೆಯುವ ಪಾತ್ರೆ) ಬಳಸುತ್ತಿದ್ದರು. ಅಳತೆಯಲ್ಲೇ ಮೋಸ ಅಲ್ವಾ? ಎಚ್. ಗಣಪತಿಯಪ್ಪನವರು ಗೇಣಿದಾರರನ್ನು ಒಗ್ಗೂಡಿಸಿದರು. ಗೋಪಾಲಗೌಡರು ಮತ್ತು ಸಮಾಜವಾದಿ ಪಕ್ಷ ಜೊತೆಗೆ ನಿಂತವು. ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಕೂಡ ಬಂದು ಬಂಧನಕ್ಕೆ ಒಳಗಾದರು.

ಮರುವರ್ಷವೇ ಗೋಪಾಲಗೌಡರು ಶಾಸಕರಾದರು. 1957ರಲ್ಲಿ ಸೋತರು. 1962, 1967ರಲ್ಲಿ ತೀರ್ಥಹಳ್ಳಿಯಿಂದ ಗೆದ್ದರು. ಉಳುವವನಿಗೆ ಭೂಮಿ ಸಿಗಬೇಕು, ಆಡಳಿತ ಕನ್ನಡದಲ್ಲಿ ನಡೆಯಬೇಕು, ಮೈಸೂರು ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಿಡಬೇಕು ಅಂತ ಸದನದಲ್ಲಿ ವಾದಿಸಿದರು. 1972ರಲ್ಲಿ, ಐವತ್ತು ತುಂಬುವ ಮೊದಲೇ ತೀರಿಕೊಂಡರು. ರಾಜ್ಯದ ಹೆಸರು ಬದಲಾಗಿದ್ದು 1973ರಲ್ಲಿ, ದೇವರಾಜ ಅರಸು ಸರ್ಕಾರದ ಭೂ ಸುಧಾರಣೆ ಜಾರಿಗೆ ಬಂದಿದ್ದು 1974ರಲ್ಲಿ. ಎರಡನ್ನೂ ಅವರು ನೋಡಲಿಲ್ಲ ಅನ್ನೋದು ನನಗೆ ಇವತ್ತಿಗೂ ಸಂಕಟದ ವಿಷಯ.

ಮುಂದೆ ಮುಖ್ಯಮಂತ್ರಿಗಳಾದ ಬಂಗಾರಪ್ಪ, ಜೆ.ಎಚ್. ಪಟೇಲ್ ಇಬ್ಬರೂ ಇದೇ ಸಮಾಜವಾದಿ ಗರಡಿಯಿಂದ ಬಂದವರು.