ವಿನೇಶ್ ಫೋಗಟ್ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಸೋಲಿಸಿದ ಜಪಾನಿನ ಯುಯಿ ಸುಸಾಕಿ ನಿಜಕ್ಕೂ ಅಷ್ಟು ದೊಡ್ಡ ಕುಸ್ತಿಪಟುವೇ?

ಹೌದು, ಅನುಮಾನವೇ ಬೇಡ. 2024ರ ಆ ಪಂದ್ಯಕ್ಕೆ ಮುಂಚೆ ಸುಸಾಕಿ ವಿದೇಶಿ ಎದುರಾಳಿಗಳ ವಿರುದ್ಧ 82 ಪಂದ್ಯ ಆಡಿದ್ದರು. ಸೋತದ್ದು ಸೊನ್ನೆ!

2017, 2018, 2022, 2023ರಲ್ಲಿ ವಿಶ್ವ ಚಾಂಪಿಯನ್. ಟೋಕಿಯೊ ಒಲಿಂಪಿಕ್ಸ್‌ನ 50 ಕೆಜಿ ವಿಭಾಗದಲ್ಲಿ ಒಂದೇ ಒಂದು ಪಾಯಿಂಟ್ ಬಿಟ್ಟುಕೊಡದೆ ಚಿನ್ನ ಗೆದ್ದರು. ಫೈನಲ್‌ನಲ್ಲಿ ಚೀನಾದ ಸುನ್ ಯಾನನ್ ವಿರುದ್ಧ 10-0.

ಅವರಿಗೆ ನಿಜವಾದ ಕಷ್ಟ ಇದ್ದದ್ದು ಸ್ವದೇಶದಲ್ಲೇ. ಜಪಾನ್ ತಂಡಕ್ಕೆ ಆಯ್ಕೆಯಾಗುವುದೇ ಒಂದು ದೊಡ್ಡ ಕುಸ್ತಿ ಅಲ್ವಾ! 2019ರಲ್ಲಿ ಯುಕಿ ಇರಿಯೆ ಎದುರು ಸೋತು ಆ ವರ್ಷದ ವಿಶ್ವ ಚಾಂಪಿಯನ್‌ಶಿಪ್ ತಪ್ಪಿತು. ಅಲ್ಲಿ ಪದಕ ಗೆದ್ದಿದ್ದರೆ ಒಲಿಂಪಿಕ್ಸ್ ಸ್ಥಾನ ಇರಿಯೆಗೇ ಸಿಗುತ್ತಿತ್ತು, ಆದರೆ ಪದಕ ಬರಲಿಲ್ಲ. ಹಾಗಾಗಿ ಸುಸಾಕಿಗೆ ಒಲಿಂಪಿಕ್ಸ್ ಬಾಗಿಲು ಮತ್ತೆ ತೆರೆಯಿತು.

ಪ್ಯಾರಿಸ್‌ನ ಮೊದಲ ಸುತ್ತಿನಲ್ಲಿ ವಿನೇಶ್ ವಿರುದ್ಧ ಸುಸಾಕಿ 2-0 ಮುಂದಿದ್ದರು. ಕೊನೆಯ ಕೆಲವೇ ಸೆಕೆಂಡುಗಳಲ್ಲಿ ಸುಸಾಕಿಯನ್ನು ಕೆಡವಿ ವಿನೇಶ್ 2 ಪಾಯಿಂಟ್ ಪಡೆದರು. ಜಪಾನ್ ಸಲ್ಲಿಸಿದ ಮೇಲ್ಮನವಿ ಬಿದ್ದುಹೋಗಿ ವಿನೇಶ್‌ಗೆ ಇನ್ನೊಂದು ಪಾಯಿಂಟ್ ಸಿಕ್ಕಿತು. 3-2. ಸೋತವರಿಗೆ ಸಿಗುವ ಇನ್ನೊಂದು ಅವಕಾಶದಲ್ಲಿ (ರೆಪೆಶಾಜ್) ಸುಸಾಕಿ ಮರುದಿನ ಉಕ್ರೇನಿನ ಒಕ್ಸಾನಾ ಲಿವಾಚ್ ಅವರನ್ನು 10-0ರಿಂದ ಸೋಲಿಸಿ ಕಂಚು ಗೆದ್ದರು. 2025ರಲ್ಲಿ ಕ್ರೊಯೇಷಿಯಾದ ಜಾಗ್ರೆಬ್‌ನಲ್ಲಿ ಮತ್ತೆ ವಿಶ್ವ ಚಾಂಪಿಯನ್ ಆದರು.